ಕೊನೆ ಹಾಳೆಯ ಕಳ್ಳನಿಗೆ ಶಿಕ್ಷೆ

ಜೂನ್ 3, ಸೋಮವಾರ

ಮುಂದಿನ ಶತಮಾನದ ಇತಿಹಾಸಕಾರರ ಅವಗಾಹನೆಗೆ: ಇಂದಿನಿಂದ ಆರು ವಾರ ನಾನು ಕಾಲೇಜಿನಿಂದ ಅಮಾನತು. ಅಪರಾಧ, ಪ್ರಿನ್ಸಿಪಾಲರ ದನಿ ಅನುಕರಿಸಿ ಮೈಕಿನಲ್ಲಿ ಒಂದು ಪ್ರಕಟಣೆ. "ದುರಸ್ತಿ ಕಾರ್ಯದ ನಿಮಿತ್ತ ನಾಳೆ ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂ ಹತ್ತರವರೆಗೆ ಗುರುತ್ವಾಕರ್ಷಣೆ ಇರುವುದಿಲ್ಲ. ವಿದ್ಯಾರ್ಥಿಗಳು ಬೆಂಚು ಹಿಡಿದುಕೊಂಡು ಸಹಕರಿಸಬೇಕು." ಸಹಕರಿಸಿದವರು ನಲವತ್ತು ಮಂದಿ. ಅವರಲ್ಲೊಬ್ಬರು ಉಪನ್ಯಾಸಕರು.

ಸಿಕ್ಕಿಬಿದ್ದದ್ದು ನನ್ನ ಮುದ್ರೆಯಿಂದ. ನೋಟಿಸ್ ಬೋರ್ಡಿಗೆ ಅಂಟಿಸಿದ ಪ್ರತಿಯ ಮೂಲೆಯಲ್ಲಿ ಮೀಸೆ ಹೊತ್ತ ಚಂದ್ರನನ್ನು ಬರೆದಿದ್ದೆ. ಎಂಟನೇ ವಯಸ್ಸಿನಿಂದ ನನ್ನ ಪ್ರತಿ ಘನಕಾರ್ಯದ ಮೇಲೂ ಆ ಚಂದ್ರ ಇರುತ್ತಾನೆ. ಕಲಾವಿದೆಯಾದವಳು ಸಹಿ ಹಾಕದೆ ಇರಲಾರಳು.

ಅಪ್ಪ ಬೈಯಲಿಲ್ಲ. "ಅಜ್ಜಿ ಹತ್ರ ಹೋಗಿ ಅಂಟು ಕಲಸು. ಅಲ್ಲಿ ಗುರುತ್ವಾಕರ್ಷಣೆ ಜಾಸ್ತಿ" ಅಂದರು ಅಷ್ಟೆ.

ಹಾಗಾಗಿ ಈಗ ಅಜ್ಜಿಯ ಬೈಂಡಿಂಗ್ ಕೋಣೆ. ಲೈಬ್ರರಿಯ ಹರಿದ ಪುಸ್ತಕಗಳೆಲ್ಲ ರಿಪೇರಿಗೆ ಬರುವುದು ಇಲ್ಲಿಗೆ. ಹನ್ನೆರಡನೇ ವಯಸ್ಸಿನಿಂದಲೂ ಪ್ರತಿ ರಜೆಯಲ್ಲಿ ನನಗೆ ಇಲ್ಲಿ ಒಂದೇ ಕೆಲಸ: ಹಳೆ ರಟ್ಟು ಕಿತ್ತು, ಹಿಂದೆ ಮುಂದೆ ಇರುವ ಹಳೆ ಖಾಲಿ ಹಾಳೆಗಳನ್ನು ಸುಲಿದು, ಆ ರದ್ದಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಇಡುವುದು. ಪಟ್ಟಿಗಳನ್ನು ಅಜ್ಜಿ ಬೇರೆ ಪುಸ್ತಕಗಳ ಬೆನ್ನಿಗೆ ಒಳಗಿನಿಂದ ಅಂಟಿಸಿ, ಮೇಲೆ ಬಟ್ಟೆ ಹಾಕುತ್ತಾಳೆ. ಸುಲಿಯುವುದರಲ್ಲಿ ನನ್ನ ಕೈ ಗಾಳಿಯಷ್ಟು ಚುರುಕು. "ಕಣ್ಣು ಮುಚ್ಕೊಂಡು ಮಾಡ್ತೀನಿ ಬೇಕಾದ್ರೆ" ಅಂದೆ.

"ತೆರೆದುಕೊಂಡೇ ಮಾಡೇ ತಾಯಿ. ಹಾಳೆಗೆ ಎರಡು ಮುಖ. ತಿರುಗಿಸಿ ನೋಡಿ ಸುಲಿ."

ಈ ವಾಕ್ಯವನ್ನು ಅಜ್ಜಿ ಆರು ವರ್ಷದಲ್ಲಿ ಆರು ಸಾವಿರ ಸಲ ಹೇಳಿರಬಹುದು. ನಾನು ಸಾಯುವುದರೊಳಗೆ ಇದನ್ನು ಕಲ್ಲಿನಲ್ಲಿ ಕೆತ್ತಿಸಿ ಕೊಡುತ್ತೇನೆ.

ಜೂನ್ 4, ಮಂಗಳವಾರ

ಬೇಸರ ತಡೆಯದೆ ಲೈಬ್ರರಿಗೆ ಹೋಗಿ 'ನಿದ್ರಾನೌಕೆ' ತಂದೆ. ವೈಜ್ಞಾನಿಕ ಕಾದಂಬರಿಗಳ ಕಪಾಟು ಅಂದರೆ ಅರ್ಧ ಕಪಾಟು, ನೀಲಿ ರಟ್ಟು ಹಸಿರು ಬೆನ್ನಿನ ಏಳು ಸಣ್ಣ ಪುಸ್ತಕ. ಒಂದೇ ಮಾಲೆ, ಒಂದೇ ಅಗ್ಗದ ಕಾಗದ.

ಮಧ್ಯಾಹ್ನ ಅಂಟು ಕಲಸುತ್ತ ಓದಿದೆ. ಅಂಟು ಗಂಟಾಯಿತು. ನೌಕೆಯಲ್ಲಿ ಮುನ್ನೂರು ಜನ ಮಲಗಿದ್ದಾರೆ, ಇನ್ನೂರು ವರ್ಷದ ಪ್ರಯಾಣ. ಅವರ ಕಾವಲಿನವಳಿಗೆ ಮಾತ್ರ ಮಧ್ಯದಲ್ಲಿ ಎಚ್ಚರ. ಒಂಟಿತನಕ್ಕೆ ಮಲಗಿದವರನ್ನು ಎಣಿಸುತ್ತಾಳೆ. ಮುನ್ನೂರ ಒಂದು. ಮತ್ತೆ ಎಣಿಸುತ್ತಾಳೆ. ಮುನ್ನೂರ ಒಂದು. ನಾನು ಅಂಟಿನ ಕೋಲು ಕೆಳಗಿಟ್ಟೆ. ವಿಜ್ಞಾನ ಅಂದರೆ ಸೂತ್ರ ಅಂದುಕೊಂಡಿದ್ದೆ. ಕತ್ತಲಲ್ಲಿ ತಲೆ ಎಣಿಸುವುದೂ ವಿಜ್ಞಾನವೇ ಅಂತ ಯಾರೂ ಹೇಳಿರಲಿಲ್ಲ. ಕೊನೆಗೆ ಅವಳು ಆ ಹೆಚ್ಚಿನ ಒಬ್ಬರು ಮಲಗಿದ ಪೆಟ್ಟಿಗೆಯ ಮುಚ್ಚಳದ ಮೇಲಿನ ಹಿಮ ಒರೆಸುತ್ತಾಳೆ. ಒಳಗೆ ಕಂಡ ಮುಖ

ಮುಗಿಯಿತು. ಮುಂದಿನ ಹಾಳೆ ಇಲ್ಲ! ಯಾರೋ ಪುಣ್ಯಾತ್ಮ ಕೊನೆ ಹಾಳೆಯನ್ನೇ ಎಬ್ಬಿಸಿದ್ದಾನೆ.

ಊಟ ಸೇರಲಿಲ್ಲ.

ಜೂನ್ 6, ಗುರುವಾರ

'ಉಪ್ಪಿನ ಗ್ರಹ'. ಅಲ್ಲಿ ನೀರು ಎಷ್ಟು ತುಟ್ಟಿ ಅಂದರೆ ಅತ್ತವರಿಗೆ ಜೈಲು. ನಾಯಕನ ಮಗ ಸತ್ತಿದ್ದಾನೆ, ಕಾವಲುಗಾರ ಎದುರಿಗೇ ನಿಂತಿದ್ದಾನೆ. ನನ್ನನ್ನು ಯಾರೂ ಜೈಲಿಗೆ ಹಾಕುವುದಿಲ್ಲವಾದ್ದರಿಂದ ಅವನ ಪರವಾಗಿ ನಾನು ಸ್ವಲ್ಪ ಅತ್ತೆ (ಇದು ಇಲ್ಲೇ ಇರಲಿ). ಕೊನೆಯ ಸಾಲು: "ಕಾವಲುಗಾರ ಜೇಬಿಗೆ ಕೈ ಹಾಕಿ".

ಹಾಕಿ? ಏನು ತೆಗೆದ? ಬೇಡಿಯೋ, ಕರವಸ್ತ್ರವೋ? ಹಾಳೆ ಇಲ್ಲ!

ಇದು ಕಾಕತಾಳೀಯವಲ್ಲ. ಇದು ಒಂದೇ ಕೈಯ ಕೆಲಸ.

ಜೂನ್ 9, ಭಾನುವಾರ

ಏಳೂ ಓದಿದೆ. ಏಳಕ್ಕೂ ಕೊನೆ ಹಾಳೆ ಇಲ್ಲ. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು 'ದನಿ' ಓದಿದಾಗ. ಒಬ್ಬ ಮೆಕ್ಯಾನಿಕ್, ದೂರದ ನಿಲ್ದಾಣದಲ್ಲಿ ಒಬ್ಬನೇ. ಅಲ್ಲಿನ ಯಂತ್ರ ಅವನ ಸತ್ತ ಹೆಂಡತಿಯ ದನಿಯಲ್ಲಿ ಮಾತಾಡುತ್ತದೆ. ಗಾಳಿ ಉಳಿಯಬೇಕಾದರೆ ಯಂತ್ರ ನಿಲ್ಲಿಸಬೇಕು. "ಅವನು ಗುಂಡಿಯ ಮೇಲೆ ಬೆರಳಿಟ್ಟ. ಆಗ ಯಂತ್ರ". ಅಷ್ಟೆ. ಆಗ ಯಂತ್ರ ಏನು ಅಂದಿತೋ ಈ ವಿಶ್ವದಲ್ಲಿ ಒಬ್ಬನಿಗೆ ಗೊತ್ತು. ಆ ಒಬ್ಬನ ಕತ್ತು ನನಗೆ ಬೇಕು.

ಪ್ರತಿ ಪುಸ್ತಕದ ಹಿಂದಿನ ರಟ್ಟಿನಲ್ಲಿ ತಾರೀಖಿನ ಚೀಟಿ ಇದೆ, ತೆಗೆದುಕೊಂಡವರ ಸದಸ್ಯ ಸಂಖ್ಯೆ ಸಮೇತ. ನನ್ನದು ಬಿಟ್ಟರೆ ಏಳರಲ್ಲೂ ಇರುವುದು ಒಂದೇ ಸಂಖ್ಯೆ: 114. ಅದೂ ಒಂದೊಂದರಲ್ಲಿ ಮೂರು ಸಲ.

ಲೈಬ್ರರಿ ಅಕ್ಕನನ್ನು ಕೇಳಿದೆ. "ನೂರ ಹದಿನಾಲ್ಕಾ? ವಾಚ್ ರಿಪೇರಿ ಅಂಗಡಿಯವರು. ನಾಲ್ಕು ವರ್ಷದಿಂದ ಅವರೊಬ್ಬರೇ ಕಣೇ ಆ ಕಪಾಟಿನ ಧೂಳು ಒರೆಸೋದು."

ಧೂಳು ಮಾತ್ರವಲ್ಲ, ಅಕ್ಕಾ.

ಅಂತರಗ್ರಹ ನ್ಯಾಯಪೀಠ ಕೂಡಲೇ ಸೇರಿತು. ನ್ಯಾಯಾಧೀಶೆ, ವಕೀಲೆ, ಸಾಕ್ಷಿ, ಎಲ್ಲವೂ ನಾನೇ. ತೀರ್ಪು: "ಕೊನೆ ಹಾಳೆಯ ಕಳ್ಳನು ಯಾರೇ ಆಗಿರಲಿ, ಅವನ ಲೈಬ್ರರಿ ಕಾರ್ಡನ್ನು ಕಸಿಯತಕ್ಕದ್ದು. ಕದ್ದ ಒಂದೊಂದು ಹಾಳೆಯನ್ನೂ ಅವನು ತನ್ನ ಕೈಯಾರೆ ಹುಡುಕಿ ತಂದು ಸೇರಿಸತಕ್ಕದ್ದು. ಮತ್ತು ಮುಂದೆ ಅವನು ಓದುವ ಯಾವ ಪುಸ್ತಕದ ಕೊನೆಯೂ ಅವನಿಗೆ ಸಿಗತಕ್ಕದ್ದಲ್ಲ. ಮೇಲ್ಮನವಿ ಇಲ್ಲ." ಕೆಳಗೆ ಮೀಸೆ ಚಂದ್ರನ ಮುದ್ರೆ. ಪುಸ್ತಕ ಒತ್ತುವ ಅಜ್ಜಿಯ ಪ್ರೆಸ್ಸಿನ ಕೆಳಗೆ ಇಟ್ಟು ಗಟ್ಟಿ ಒತ್ತಿದೆ, ಗಾಂಭೀರ್ಯ ಬರಲಿ ಅಂತ.

ಜೂನ್ 10, ಸೋಮವಾರ

ಶತ್ರುವಿನ ಕೋಟೆಗೆ ಭೇಟಿ. ನೆಪಕ್ಕೆ ಅಜ್ಜಿಯ ಅಲಾರಂ ಗಡಿಯಾರ.

ಅಂಗಡಿ ಅಂದರೆ ಒಂದು ಬೀರು ಅಗಲ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಅಂಗಡಿಯವರು ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತಿದ್ದರು, ಐವತ್ತೈದು ಅರವತ್ತು ಇರಬಹುದು. ನಾನು ಒಳಗೊಳಗೇ ಒಂಟಿಗಣ್ಣ ಅಂತ ನಾಮಕರಣ ಮಾಡಿದೆ.

"ಎಲ್ಲಿ ನೋವು?" ಅಂದರು.

"ನನಗಾ?"

"ಗಡಿಯಾರಕ್ಕೆ, ಮರಿ."

ಬೇಕೆಂದೇ ಗಟ್ಟಿಯಾಗಿ ಹೇಳಿದೆ, "ಏನ್ ಕಾಲ ಬಂತು ಅಂಕಲ್! ಲೈಬ್ರರಿ ಪುಸ್ತಕದ ಹಾಳೆಗಳನ್ನೇ ಕದಿಯೋರಿದ್ದಾರೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಕಲ್ಲ, ಕಾದೆ. ಹೆಗಲು ಮುಟ್ಟಲಿಲ್ಲ. ಭೂತಗಾಜು ತೆಗೆದು ನನ್ನನ್ನು ಎರಡೂ ಕಣ್ಣಿನಿಂದ ನೋಡಿದರು. "ಕದಿಯೋರು ಮೊದಲ ಹಾಳೆ ಕದೀಬಹುದಿತ್ತು. ಆಗ ಯಾರಿಗೂ ನಷ್ಟ ಇಲ್ಲ."

ಎಂಥ ಪಳಗಿದ ಕಳ್ಳ!

ಜೂನ್ 14, ಶುಕ್ರವಾರ

ದೈವ ನನ್ನ ಕಡೆ. ಲೈಬ್ರರಿಯಿಂದ ಹೊಸ ಕಂತು ಬಂತು. ಅದರಲ್ಲಿ 'ಗಾಜಿನ ಬಾಗಿಲು', ಹೊಸದಾಗಿ ಕೊಂಡ ವೈಜ್ಞಾನಿಕ ಕಾದಂಬರಿ, ಬರುವಾಗಲೇ ಹೊಲಿಗೆ ಬಿಟ್ಟುಕೊಂಡಿದೆ. ಜೊತೆಗೆ 'ಕೋಳಿ ಸಾಕಣೆಯಲ್ಲಿ ರೋಗ ನಿಯಂತ್ರಣ'. ಎರಡೂ ಒಂದೇ ಅಳತೆ. ಕಾದಂಬರಿಯ ಮೇಲೆ ಅಕ್ಕ ಚೀಟಿ ಅಂಟಿಸಿದ್ದಾರೆ: "ಬೇಗ ಬೇಕು, 114 ಕಾಯ್ತಿದ್ದಾರೆ."

ಅಜ್ಜಿ ಮಧ್ಯಾಹ್ನ ಮಲಗಿದಾಗ ಎರಡರ ಕೊನೆಯ ಫಾರಂ, ಹದಿನಾರು ಹದಿನಾರು ಪುಟ, ಅದಲು ಬದಲು ಮಾಡಿ ಹೊಲಿದೆ. ನನ್ನ ಜೀವನದ ಅತ್ಯಂತ ಅಚ್ಚುಕಟ್ಟಾದ ಹೊಲಿಗೆ. ಅಜ್ಜಿ ಎದ್ದು ನೋಡಿ, "ಪರವಾಗಿಲ್ವೇ, ಕೈ ಕೂತಿದೆ" ಅಂದಳು.

ನಾಯಕಿ ಬಾಗಿಲು ತೆರೆಯುತ್ತಾಳೆ. ಆಚೆಗೆ ಕೋಳಿಗಳ ಹೇನು. ಅನುಭವಿಸು, ಒಂಟಿಗಣ್ಣಾ.

ಜೂನ್ 19, ಬುಧವಾರ

ಲೈಬ್ರರಿಯ ಸಲಹಾ ಪುಸ್ತಕದಲ್ಲಿ ಗುಂಡಗಿನ ಅಕ್ಷರದಲ್ಲಿ ಹೀಗಿದೆ, ಯಥಾವತ್ತಾಗಿ ಇಳಿಸಿಕೊಂಡಿದ್ದೇನೆ:

"ಆ ಕಪಾಟಿನಿಂದ ಕೊನೆಯಿರುವ ಪುಸ್ತಕ ಸಿಕ್ಕಿದ್ದು ಇದೇ ಮೊದಲು, ವಂದನೆಗಳು. ನಾಯಕಿ ಬಾಗಿಲು ತೆರೆದ ಕೂಡಲೇ ಹೇನಿಗೆ ಬೂದಿ ಹಚ್ಚುವ ವಿಧಾನ ಬರುವುದು ಅನಿರೀಕ್ಷಿತ. ಆದರೆ ಯೋಚಿಸಿ ನೋಡಿದರೆ, ಅಷ್ಟು ದೂರ ಹೋದವರಿಗೂ ಕೋಳಿ ಬೇಕಾಗುತ್ತದೆ. ಲೇಖಕರ ಧೈರ್ಯ ಮೆಚ್ಚಿದೆ. ಸದಸ್ಯ 114."

ನನ್ನ ಸೇಡಿಗೆ ವಿಮರ್ಶೆ ಬರೆದಿದ್ದಾನೆ! ಕೋಳಿ ಪುಸ್ತಕ ಒಯ್ದವರಂತೂ ಅದನ್ನು ಆಗಲೇ ಒಮ್ಮೆ ರಿನ್ಯೂ ಮಾಡಿಸಿದ್ದಾರಂತೆ.

ಇನ್ನು ತಮಾಷೆ ಸಾಕು. ಏಳು ಪುಸ್ತಕ, ಏಳು ಚೀಟಿ, ಇಪ್ಪತ್ತೊಂದು ಸಲ 114, ಎಲ್ಲ ಅಕ್ಕನ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಕ್ಕ ಒಂದೊಂದೇ ಪುಸ್ತಕದ ಹಿಂಭಾಗ ತೆರೆದು ನೋಡಿದರು. "ಇಂಥವರು ಅಂದ್ಕೊಂಡಿರ್ಲಿಲ್ಲ ಕಣೇ" ಅಂದರು.

ಜೂನ್ 20, ಗುರುವಾರ

ಜಯ. ಕಾರ್ಡ್ ಹೋಯಿತು. ಪತ್ರಿಕೆಯ ಮರೆಯಲ್ಲಿ ಕೂತು ನೋಡಿದೆ. ಅಕ್ಕ ಏನೋ ಹೇಳಿದರು. ಅಂಗಡಿಯವರು ವಾದ ಮಾಡಲಿಲ್ಲ. ಕಿಸೆಯಿಂದ ಕಾರ್ಡ್ ತೆಗೆದರು, ಗಡಿಯಾರದ ಗಾಜು ಒರೆಸುವ ಬಟ್ಟೆಯಿಂದ ಒಮ್ಮೆ ಒರೆಸಿದರು, ಕೊಟ್ಟರು.

ಜಯ.

ಜೂನ್ 24, ಸೋಮವಾರ

ಅಂಟು. ರಟ್ಟು. ಅಂಟು.

ಸಾಕ್ಷ್ಯ ಸಂಗ್ರಹದ ದೃಷ್ಟಿಯಿಂದ, ಅನ್ಯ ಉದ್ದೇಶವಿಲ್ಲದೆ, 'ನಿದ್ರಾನೌಕೆ'ಯ ಕೊನೆ ಏನಿರಬಹುದು ಅಂತ ಎರಡು ಪುಟ ಬರೆದೆ. ಆ ಮುನ್ನೂರ ಒಂದನೆಯ ಮುಖ ಎಣಿಸುವವಳದ್ದೇ. ತಾನೂ ಮಲಗಿದ್ದೇನೆ ಅನ್ನುವುದನ್ನೇ ಮರೆತಿದ್ದಳು. ಆಮೇಲೆ ಅನಿಸಿತು, ಹಾಗಾದರೆ ಹಿಮ ಒರೆಸುತ್ತಿರುವವಳು ಯಾರು? ಹರಿದು ಹಾಕಿ ಮತ್ತೆ ಬರೆದೆ. ಅಜ್ಜಿ ಮೂರು ಸಲ ಊಟಕ್ಕೆ ಕರೆದಳಂತೆ.

ಜೂನ್ 26, ಬುಧವಾರ

ಅವರು ಇಲ್ಲಿಗೇ ಬಂದರು. ರಿಪೇರಿಯಾದ ಅಲಾರಂ ಗಡಿಯಾರ ಒಂದು ಕೈಯಲ್ಲಿ, ಬಿಡಿ ಹಾಳೆಗಳ ಕಟ್ಟು ಇನ್ನೊಂದರಲ್ಲಿ. ನಾನು ಬಾಗಿಲ ಹಿಂದೆ ನಿಂತೆ.

"ಇದನ್ನ ಪುಸ್ತಕದ ಥರ ಕಟ್ಟಿಕೊಡ್ತೀರಾ ಅಮ್ಮಾ?"

"ಏನಿದು, ಲೆಕ್ಕದ್ದಾ?"

"ಅಲ್ಲ, ಸುಮ್ನೆ ಗೀಚಿದ್ದು. ಇನ್ಮೇಲೆ ಲೈಬ್ರರಿ ಇಲ್ವಲ್ಲ, ಮನೇಲಿ ಓದೋಕೆ ಒಂದಾದ್ರೂ ಪುಸ್ತಕ ಇರ್ಲಿ ಅಂತ."

"ಲೈಬ್ರರಿಗೇನಾಯ್ತು?"

"ನನಗೇನೋ ಆಯ್ತು" ಅಂದು ನಕ್ಕರು. ಕಟ್ಟು ನನ್ನ ಪಾಲಿಗೆ ಬಂತು.

ಹೊಲಿಯುವ ಮುಂಚೆ ಪುಟಗಳ ಸಾಲು ಸರಿಯಿದೆಯಾ ನೋಡಬೇಕು, ಅದು ಕಸುಬಿನ ನಿಯಮ. ಹಾಗಾಗಿ ಓದಿದ್ದು. ಮೊದಲ ಹಾಳೆಯಲ್ಲಿ: "ಕೊನೆ ಹಾಳೆ ಇಲ್ಲದ ಏಳು ಪುಸ್ತಕಗಳಿಗೆ ನಾನು ಊಹಿಸಿದ ಕೊನೆಗಳು."

ಕಾವಲುಗಾರ ಜೇಬಿನಿಂದ ತೆಗೆದದ್ದು ತನ್ನ ಮಗಳ ಹಾಲುಹಲ್ಲು. ಮೆಕ್ಯಾನಿಕ್ ಗುಂಡಿಯ ಮೇಲೆ ಬೆರಳಿಟ್ಟಾಗ ಯಂತ್ರ ಬೇಡ ಅನ್ನಲಿಲ್ಲ, ಅಳಲಿಲ್ಲ. "ಊಟ ಆಯ್ತಾ?" ಅಂತ ಕೇಳಿತು. ಅವನು "ಆಯ್ತು" ಅಂತ ಸುಳ್ಳು ಹೇಳಿ ಗುಂಡಿ ಒತ್ತಿದ. ಆ ಒಂದು ಪುಟವನ್ನು ಅವರು ಐದು ಸಲ ತಿದ್ದಿದ್ದಾರೆ. "ಊಟ ಆಯ್ತಾ" ಮಾತ್ರ ಒಂದು ಸಲವೂ ತಿದ್ದಿಲ್ಲ.

ಕದ್ದವರಿಗೆ ಕೊನೆ ಗೊತ್ತಿರುತ್ತದೆ. ಗೊತ್ತಿದ್ದವರು ಹೀಗೆ ಒದ್ದಾಡುವುದಿಲ್ಲ.

ಹಾಗಾದರೆ ಯಾರು? ನಿಜವಾದ ಕಳ್ಳನಿಗಂತೂ ಈಗ ಎರಡು ಪಾಲು ಶಿಕ್ಷೆ. ನನ್ನ ಕೈಯಿಂದ ಇದನ್ನು ಮಾಡಿಸಿದ್ದಕ್ಕೆ ಇನ್ನೊಂದು.

ಜೂನ್ 27, ಗುರುವಾರ

ಬೆಳಿಗ್ಗೆ 'ಬೆರಳಚ್ಚು ಕಲಿಯಿರಿ' ಅನ್ನುವ ದಪ್ಪ ಪುಸ್ತಕ ಕೈಗೆ ಬಂತು. ನಮ್ಮಲ್ಲೇ ಆರು ವರ್ಷದ ಹಿಂದೆ ಕಟ್ಟಿದ್ದು. ಹಸಿರು ಬಟ್ಟೆಯ ಬೆನ್ನು ಬಿರುಕು ಬಿಟ್ಟಿತ್ತು, ಎಳೆದೆ. ಒಳಗಿನ ಪಟ್ಟಿ ಒಣ ಸಿಪ್ಪೆಯ ಹಾಗೆ ಎದ್ದು ಬಂತು. ಮೇಲೆ ಮೂರೇ ಬೆರಳಗಲ ಅಚ್ಚು, ಸಾಲುಗಳ ತುಂಡು: "ದನಿಯಲ್ಲಿ ಹೇಳಿ", "ಗುಂಡಿಯಿಂದ ಬೆರ", "ನಿಲ್ದಾಣದ ದೀ".

ಪಟ್ಟಿ ತಿರುಗಿಸಿದೆ. ಹಿಂಬದಿ ಖಾಲಿ. ಖಾಲಿ ಅಂದರೆ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಚಂದ್ರ. ಮೀಸೆ ಸಮೇತ.

ಎಲ್ಲ ಒಟ್ಟಿಗೆ ನೆನಪಾಯಿತು. ಹನ್ನೆರಡನೇ ವಯಸ್ಸಿನ ರಜೆ. ಸುಲಿದ ಹಾಳೆಗಳಲ್ಲಿ ನೀಲಿ ಪುಸ್ತಕಗಳದ್ದು ನನಗೆ ಇಷ್ಟ. ಆ ಮಾಲೆಯಲ್ಲಿ ಕಥೆ ಬಲಪುಟದಲ್ಲಿ ಮುಗಿದು ಕೊನೆ ಹಾಳೆಯ ಹಿಂಬದಿ ಬೆಳ್ಳಗೆ ಉಳಿದಿರುತ್ತಿತ್ತು, ಚಂದ್ರ ಬರೆಯಲು ಒಳ್ಳೇ ಜಾಗ. ಹಿಂದಿನಿಂದ ನೋಡಿದರೆ ಖಾಲಿ ಹಾಳೆಯೇ. ಸುಲಿದೆ. ಪಟ್ಟಿ ಕತ್ತರಿಸುವಾಗ ಇನ್ನೊಂದು ಮುಖದಲ್ಲಿ ಅಚ್ಚು ಕಂಡಿತ್ತು. ಯಾವುದೋ ಜಾಹೀರಾತು ಅಂದುಕೊಂಡೆ. ಭವಿಷ್ಯದ ಪುರಾತತ್ವದವರು ಹುಡುಕಿ ಬೆರಗಾಗಲಿ ಅಂತ ಪ್ರತಿ ಪಟ್ಟಿಗೂ ಸಹಿ ಬೇರೆ.

ಕಲಾವಿದೆ ಸಹಿ ಹಾಕದೆ ಇರಲಾರಳು.

ಅಜ್ಜಿಗೆ ಎಲ್ಲ ಹೇಳಿದೆ, ಕೋಳಿ ಹೇನಿನವರೆಗೆ. ದಬ್ಬಳ ಕೆಳಗಿಟ್ಟಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆಯಲ್ಲೇ."

"ಎತ್ತೂ ನಾನೇ ಅಜ್ಜೀ."

"ನೀನು ಎತ್ತಲ್ಲ, ಕತ್ತೆ. ಆ ರಜೇಲಿ ನಮಗೆ ಸಿಕ್ಕಿದ್ದು ಹಸಿರು ಬಟ್ಟೆ ಒಂದೇ. ಹಸಿರು ಬೆನ್ನಿನ ಪುಸ್ತಕ ತೊಂಬತ್ತಾದ್ರೂ ಇರ್ತವೆ ಲೈಬ್ರರೀಲಿ. ಎಲ್ಲ ತರಿಸ್ತೀನಿ. ಬಿಚ್ಚು. ಮತ್ತೆ ಕಟ್ಟು."

ಹಾಳೆಗೆ ಎರಡು ಮುಖ ಅಂತ ಮಾತ್ರ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು.

ಜೂನ್ 28, ಶುಕ್ರವಾರ

ಮೊದಲು ಲೈಬ್ರರಿ. ಅಕ್ಕ ಪೂರ್ತಿ ಕೇಳಿ, 114ರ ಕಾರ್ಡನ್ನು ಡ್ರಾಯರಿನಿಂದ ತೆಗೆದು ನನ್ನ ಕೈಗಿಟ್ಟು, ನನ್ನ ಕಾರ್ಡನ್ನು ಅದೇ ಡ್ರಾಯರಿಗೆ ಹಾಕಿ ಬೀಗ ಹಾಕಿದರು. "ಆರು ತಿಂಗಳು. ಕೋಳಿಯವರು ಇನ್ನೂ ಆ ಪುಸ್ತಕ ವಾಪಸ್ ಕೊಟ್ಟಿಲ್ಲ, ಅದಕ್ಕೂ ನೀನೇ ಉತ್ತರ ಕೊಡು."

ಆಮೇಲೆ ವಾಚ್ ಅಂಗಡಿ. ಕಾರ್ಡ್ ಮೇಜಿನ ಮೇಲಿಟ್ಟೆ. ಪಟ್ಟಿ ಪಕ್ಕದಲ್ಲಿಟ್ಟೆ, ಚಂದ್ರನ ಮುಖ ಮೇಲೆ ಮಾಡಿ. ಅಂತರಗ್ರಹ ನ್ಯಾಯಪೀಠದ ತೀರ್ಪನ್ನು ಜೇಬಿನಿಂದ ತೆಗೆದು ನಿಂತುಕೊಂಡೇ ಓದಿದೆ. "ಯಾರೇ ಆಗಿರಲಿ" ಅನ್ನುವಲ್ಲಿ ಬೆರಳನ್ನು ನನ್ನ ಕಡೆಗೇ ತಿರುಗಿಸಿದೆ. ಗೋಡೆಯ ಗಡಿಯಾರಗಳೆಲ್ಲ ಒಂದೊಂದಾಗಿ ನನ್ನನ್ನು ಬೈದವು.

"ಕೋಳಿ ಹೇನು?" ಅಂದರು ಕೊನೆಗೆ.

"ನಾನೇ."

"ಅದು ಚೆನ್ನಾಗಿತ್ತು."

ಭೂತಗಾಜು ತೆಗೆದು ಬಟ್ಟೆಯಲ್ಲಿ ತುಂಬ ಹೊತ್ತು ಒರೆಸಿದರು. "ಕಾರ್ಡ್ ಕೊಡುವಾಗ ಹಿಂದೆ ನಾಲ್ಕು ಜನ ನಿಂತಿದ್ರು ಮರಿ. ಅವರಲ್ಲಿ ಇಬ್ಬರು ನನ್ನ ಗಿರಾಕಿಗಳು. ಅದು ಚೆನ್ನಾಗಿರ್ಲಿಲ್ಲ."

ಅವರಿಗೆ ಹೇಳಬೇಕಿದ್ದದ್ದೆಲ್ಲ ವಾಪಸ್ ಬರುವ ದಾರಿ ತುಂಬ ನೆನಪಾಯಿತು.

ಜುಲೈ 2, ಮಂಗಳವಾರ

ಹದಿನೇಳು ಬೆನ್ನು. ಪಟ್ಟಿ ಎರಡು. ಬೆರಳ ತುದಿ ಸುಲಿದಿದೆ. ಪ್ರತಿ ಹಾಳೆಯನ್ನೂ ತಿರುಗಿಸಿ ನೋಡುತ್ತಿದ್ದೇನೆ, ಖಾಲಿ ಹಾಳೆಯನ್ನು ಕೂಡ, ಎರಡೆರಡು ಸಲ.

ಜುಲೈ 6, ಶನಿವಾರ

'ದನಿ' ಪೂರ್ತಿಯಾಯಿತು. ನಾಲ್ಕನೇ ಪಟ್ಟಿ ಸಿಕ್ಕಿದ್ದು ಕೈತೋಟದ ಪುಸ್ತಕದಲ್ಲಿ. ನಾಲ್ಕೂ ಜೋಡಿಸಿ, ಅಜ್ಜಿ ಕೊಟ್ಟ ತೆಳು ಕಾಗದದ ಮೇಲೆ ಅಂಟಿಸಿ, ಓದದೆ ಅಂಗಡಿಗೆ ಓಡಿದೆ. ನ್ಯಾಯವಾಗಿ ಮೊದಲು ಕೇಳಬೇಕಾದವರು ಅವರು. ಗಟ್ಟಿಯಾಗಿ ಓದಿದೆ:

"ಆಗ ಯಂತ್ರ ಅದೇ ದನಿಯಲ್ಲಿ ಹೇಳಿತು: ಎಚ್ಚರಿಕೆ, ವಿದ್ಯುತ್ ಪೂರೈಕೆ ಕಡಿತಗೊಳ್ಳಲಿದೆ. ಅವನು ಗುಂಡಿಯಿಂದ ಬೆರಳು ತೆಗೆಯಲಿಲ್ಲ. ನಿಲ್ದಾಣದ ದೀಪಗಳು ಆರಿದವು. ಮುಗಿಯಿತು."

ಒಂದು ಗಡಿಯಾರ ಹೊಡೆಯಿತು, ತಪ್ಪು ಹೊತ್ತಿಗೆ.

"ಅಷ್ಟೇನಾ?" ಅಂದರು.

"ಅಷ್ಟೇ."

"ಇನ್ನೊಂದು ಸಲ ಓದು, ಪಟ್ಟಿ ಹಿಂದೆ ಮುಂದೆ ಆಗಿದೆಯೇನೋ."

ಆಗಿರಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದಕ್ಕಾಗಿ ನಾನು ಒಬ್ಬ ಮನುಷ್ಯನ ಮರ್ಯಾದೆ ತೆಗೆದೆನಾ? ಆರು ವರ್ಷ ಈ ಕೊನೆಯನ್ನು ಬೆರಳಚ್ಚು ಪುಸ್ತಕದೊಳಗೆ ಹೂತಿಟ್ಟದ್ದು ಲೋಕೋಪಕಾರ ಅಂತ ಅವರೆದುರು ವಾದಿಸಿದೆ. ಆಗ ನಕ್ಕರು, ಭೂತಗಾಜು ಮೇಜಿನ ಮೇಲೆ ಬೀಳುವಷ್ಟು.

"ನಿಮ್ಮ 'ಊಟ ಆಯ್ತಾ' ಸಾವಿರ ಪಾಲು ಮೇಲು ಅಂಕಲ್."

ನಗು ನಿಂತಿತು. "ಅದನ್ನ ನಾನು ಬರೆದಿದ್ದಲ್ಲ ಮರಿ" ಅಂದರು. "ದಿನಾ ಕೇಳ್ತಿದ್ಲು ನನ್ನವಳು. ಅಂಗಡಿ ಬಾಗಿಲು ಹಾಕೋ ಹೊತ್ತಿಗೆ, ಫೋನ್ ಮಾಡಿ."

ನಾನು ಹಾಳೆಯನ್ನು ಮಡಿಸದೆ ಹಿಡಿದುಕೊಂಡು ಬಂದೆ. 'ದನಿ'ಯ ಕೊನೆಗೆ ಅದನ್ನು ಸೇರಿಸಿ ಹೊಲಿದೆ. ಅದರ ಮುಂದೆ ಅವರ ಹಾಳೆಯ ನಕಲು ಒಂದು, ನನ್ನ ಕೈಬರಹದಲ್ಲಿ. ಚಂದ್ರ ಬರೆಯಲು ಜಾಗ ಇತ್ತು. ಬರೆಯಲಿಲ್ಲ, ಪೆನ್ಸಿಲ್ ಮೊಂಡಾಗಿತ್ತು.

ಜುಲೈ 14, ಭಾನುವಾರ

ನಾಳೆ ಕಾಲೇಜು. ಹಸಿರು ಬೆನ್ನು ಇನ್ನೂ ನಲವತ್ತು ಉಳಿದಿವೆ, ಶನಿವಾರ ಭಾನುವಾರ ಬಂದು ಬಿಚ್ಚಬೇಕಂತೆ.

ಕಾರ್ಡಿಲ್ಲದ ನನಗೆ ಅಂಕಲ್ ತಮ್ಮ ಕಾರ್ಡಿನಲ್ಲಿ ಒಂದು ಹೊಸ ಕಾದಂಬರಿ ತಂದುಕೊಟ್ಟರು, 'ಎರಡು ಸೂರ್ಯರ ಊರು'. ಎಂಥ ದೊಡ್ಡ ಮನಸ್ಸು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಕೊನೆಯ ಹಾಳೆಗೆ ಬಿಳಿ ಕಾಗದದ ಅಂಗಿ ತೊಡಿಸಿ, ಗಡಿಯಾರದ ಪುಟಾಣಿ ಸ್ಕ್ರೂ ಹಾಕಿದ ಹಿತ್ತಾಳೆ ಕ್ಲಿಪ್ಪಿನಿಂದ ಬಿಗಿದಿದ್ದಾರೆ. ಆ ಸ್ಕ್ರೂ ತಿರುಗಿಸುವ ಉಪಕರಣ ಈ ಊರಿನಲ್ಲಿ ಒಂದೇ ಅಂಗಡಿಯಲ್ಲಿದೆ. ಜೊತೆಗೆ ಒಂದು ಚೀಟಿ, ಗುಂಡಗಿನ ಅಕ್ಷರ:

"ತೀರ್ಪಿನ ಮೂರನೇ ಭಾಗ, ಕೊನೆ ಸಿಗತಕ್ಕದ್ದಲ್ಲ ಅನ್ನುವುದು, ಇನ್ನೂ ಜಾರಿಯಾಗಿಲ್ಲ. ಮೊದಲು ನಿನ್ನ ಕೊನೆ ಬರೆದು ತಾ. ಆಮೇಲೆ ಬಿಚ್ಚುತ್ತೇನೆ. ಮೇಲ್ಮನವಿ ಇಲ್ಲ." ಕೆಳಗೆ ಒಂದು ಚಂದ್ರ. ಮೀಸೆಯ ಬದಲು ಕಣ್ಣಿಗೆ ಭೂತಗಾಜು.

ಇದು ಶುದ್ಧ ಸೇಡು. ಇಷ್ಟು ವರ್ಷದ ನನ್ನ ವೃತ್ತಿಜೀವನದಲ್ಲಿ ಇಷ್ಟು ಅಚ್ಚುಕಟ್ಟಾದ ಸೇಡನ್ನು ನಾನು ಕಂಡಿಲ್ಲ. ಇದನ್ನು ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ, ಸಮಯ ಬಂದಾಗ ಬಡ್ಡಿ ಸಮೇತ ತೀರಿಸುತ್ತೇನೆ.

ಮಧ್ಯಾಹ್ನದಿಂದ ಒಂಬತ್ತು ಪುಟ ಬರೆದೆ. ಎರಡನೇ ಸೂರ್ಯ ಇನ್ನೂ ಮುಳುಗಿಲ್ಲ.